ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಪೊಲೀಸರು ಬಂದಿರಲಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ನಾವು ಬೀದರಿನಿಂದ ನನ್ನ ತವರೂರು ಔರಾದಿಗೆ ಹೋಗುವಾಗ, ಬಸ್ಸಿನಲ್ಲಿ ಮೊಮ್ಮಕ್ಕಳಲ್ಲಿ ದೊಡ್ಡವಳು ಸಣ್ಣವನಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಐರ್ಲೆಂಡಿನಲ್ಲಿ ಆಯಿ, ಅಂದರೆ ಅವರ ಅಜ್ಜಿಯಾದ ನಾನು, ಒಮ್ಮೆ ಬಸ್ಸನ್ನೇ ಹಿಡಿದು ನಿಲ್ಲಿಸಿದ್ದಳಂತೆ, ಒಂದು ತಾಸು ರಸ್ತೆಯೇ ಬಂದ್ ಆಗಿತ್ತಂತೆ, ಪೊಲೀಸರು ಬಂದು ಆಯಿಗೆ ಸಲಾಮು ಹೊಡೆದು ಹೋದರಂತೆ. ಆಗ ಅವಳಿಗೆ ಐದು ವರ್ಷ, ಸಣ್ಣವನು ಇನ್ನೂ ಹುಟ್ಟಿರಲಿಲ್ಲ. ನೆನಪಿದ್ದದ್ದು ಎಷ್ಟು, ಕೂಡಿಸಿದ್ದು ಎಷ್ಟು ಅವಳಿಗೇ ಗೊತ್ತು. ಬಸ್ಸಿನ ತುಂಬ ಜನ ಇದ್ದರು, ಜನರಿದ್ದಲ್ಲಿ ನನಗೆ ಮಾತು ಹೊರಡುವುದಿಲ್ಲ. ಬರೆಯುವುದಾದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ನಿಮ್ಮಿಬ್ಬರಿಗಾಗಿ ಬರೆದಿಡುತ್ತಿದ್ದೇನೆ. ಸಲಾಮು ಯಾರೂ ಹೊಡೆಯಲಿಲ್ಲ. ಬಸ್ಸು ನಿಂತದ್ದು ಮಾತ್ರ ನಿಜ.

ನಾನು ಅಲ್ಲಿಗೆ ಹೋದದ್ದು ನಿಮ್ಮ ಅಮ್ಮನ ನೌಕರಿಗಾಗಿ. ಅವಳು ಬೀದರಿನಲ್ಲಿ ನರ್ಸಿಂಗ್ ಕಲಿತವಳು. ಐರ್ಲೆಂಡಿನ ಆ ಸಮುದ್ರದ ಊರಿನ ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡಿನಲ್ಲಿ ಕೆಲಸ ಮಾಡುತ್ತ, ಆಪರೇಷನ್ ಥಿಯೇಟರಿಗೆ ಹೋಗಬೇಕೆಂದು ಓದಿದಳು, ಪರೀಕ್ಷೆ ಬರೆದಳು, ಕೊನೆಗೆ ತೆಗೆದುಕೊಂಡರು. ಆದರೆ ಮೊದಲ ಮೂರು ತಿಂಗಳು ನೋಡುತ್ತೇವೆ, ಸರಿ ಅನಿಸಿದರೆ ಕಾಯಂ, ಇಲ್ಲವಾದರೆ ಹಳೆಯ ವಾರ್ಡಿಗೆ ವಾಪಸ್ಸು ಎಂದು ಹೇಳಿದ್ದರು.

ಕಷ್ಟವಿದ್ದದ್ದು ಬೆಳಗಿನ ಹೊತ್ತಿನಲ್ಲಿ. ಆಸ್ಪತ್ರೆಯಲ್ಲಿ ಅವಳು ಏಳೂವರೆಗೆ ಇರಬೇಕು. ಮಕ್ಕಳ ಶಾಲೆ ತೆರೆಯುವುದು ಒಂಬತ್ತಕ್ಕೆ. ನಿಮ್ಮ ಅಪ್ಪ ಬೆಳಗಾಗುವ ಮೊದಲೇ ಕಾರು ತೆಗೆದುಕೊಂಡು ಬೇರೆ ಊರಿಗೆ ಕೆಲಸಕ್ಕೆ ಹೋಗುತ್ತಿದ್ದರು. ಒಬ್ಬ ಪರಿಚಯದ ಹೆಂಗಸು ಮಗುವನ್ನು ಬೆಳಿಗ್ಗೆ ತನ್ನ ಮನೆಯಲ್ಲಿ ಇಟ್ಟುಕೊಂಡು ಶಾಲೆಗೆ ಬಿಡಲು ಒಪ್ಪಿಕೊಂಡಿದ್ದಳು, ಆದರೆ ಎರಡು ದಿನ ಹೊತ್ತಿಗೆ ಮುಟ್ಟಿಸಲೇ ಇಲ್ಲ. ಒಂಬತ್ತೂಕಾಲಿಗೆ ಶಾಲೆಯ ಗೇಟು ಹಾಕುತ್ತಾರೆ. ಮಗು ಬಂದಿಲ್ಲವೆಂದರೆ ಕೂಡಲೇ ತಾಯಿಗೆ ಫೋನು. ಎರಡು ಸಲವೂ ನಿಮ್ಮ ಅಮ್ಮ ಥಿಯೇಟರಿನಿಂದ ಹೊರಗೆ ಬರಬೇಕಾಯಿತು. ಮೂರನೆಯ ಸಲ ಹೀಗಾದರೆ ಇಲ್ಲಿ ನಿನಗೆ ಆಗುವುದಿಲ್ಲ ಎಂದು ಅಲ್ಲಿನ ಹಿರಿಯ ಸಿಸ್ಟರು ಹೇಳಿದರಂತೆ. ಅವರು ಕೆಟ್ಟವರಲ್ಲ. ಹೊಟ್ಟೆ ಕೊಯ್ದು ಮಲಗಿಸಿದವರನ್ನು ಬಿಟ್ಟು ನರ್ಸು ಫೋನಿಗೆ ಓಡಿದರೆ ಹೇಗೆ?

ಅಂದೇ ನನಗೆ ಫೋನು ಬಂತು. "ಅವ್ವಾ, ನೀ ಬಾ. ಪೋರಿಗಿ ದಿನಾ ಮುಂಜಾನಿ ಬಸ್ಸಿನಾಗ ಸಾಲಿಗಿ ಬಿಟ್ಟು ಬಂದ್ರ ಸಾಕು. ಬ್ಯಾರೆ ಏನೂ ಬ್ಯಾಡ."

ಬೇರೆ ಏನೂ ಬೇಡವಂತೆ! ಅಡುಗೆ ಮಾಡು ಅಂದಿದ್ದರೆ, ಬಟ್ಟೆ ಒಗೆ ಅಂದಿದ್ದರೆ ನಗುತ್ತ ಹೋಗುತ್ತಿದ್ದೆ. ನಾನು ಅಷ್ಟು ವಯಸ್ಸಾದರೂ ಒಬ್ಬಳೇ ಬಸ್ಸು ಹತ್ತಿದವಳಲ್ಲ. ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ಭಾಲ್ಕಿಯಲ್ಲಿ ಶಾಲೆ ಮಾಸ್ತರರಾಗಿದ್ದರು. ಟಿಕೆಟು ಅವರೇ ತೆಗೆಸುತ್ತಿದ್ದರು, ಎಲ್ಲಿ ಇಳಿಯಬೇಕೆಂದು ಅವರೇ ಹೇಳುತ್ತಿದ್ದರು. ನಾನು ಕಿಟಕಿ ಕಡೆ ಮುಖ ಮಾಡಿ ಕೂತಿರುತ್ತಿದ್ದೆ. ಅವರು ತೀರಿಕೊಂಡ ಮೇಲೆ ಯಾರಾದರೂ ನೆಂಟರು ಜೊತೆಗೆ ಇದ್ದೇ ಇರುತ್ತಿದ್ದರು. ಆದರೂ ಬರುತ್ತೇನೆ ಎಂದೆ. ಮಗಳು ಅಷ್ಟು ಓದಿ ಮುಟ್ಟಿದ ಜಾಗವನ್ನು ಒಂದು ಬಸ್ಸಿಗೆ ಹೆದರಿ ಬಿಡಿಸಲು ನನಗೆ ಮನಸ್ಸಾಗಲಿಲ್ಲ.

ವೀಸಾ ಬರಲು ಒಂದು ತಿಂಗಳು ಹಿಡಿಯಿತು, ಅಷ್ಟು ದಿನ ನಿಮ್ಮ ಅಪ್ಪ ರಜೆ ಹಾಕಿದರು. ಹೋದ ಮೇಲೆ ಮೊದಲ ಭಾನುವಾರ ತಾಲೀಮು ಆಯಿತು. ನಿಮ್ಮ ಅಮ್ಮ ನನ್ನನ್ನೂ ಮಗುವನ್ನೂ ಬಸ್ಸು ನಿಲ್ಲುವ ಕಂಬದ ಹತ್ತಿರ ನಿಲ್ಲಿಸಿ, ತಾನು ಆಚೆ ಗೋಡೆಯ ಹತ್ತಿರ ನಿಂತಳು. ಅಲ್ಲಿ ಸ್ಟಾಪಿನಲ್ಲಿ ನಿಂತರೂ ಕೈ ಮಾಡಬೇಕು. ಮಾಡದಿದ್ದರೆ ಡ್ರೈವರು ನಿಲ್ಲಿಸುವುದಿಲ್ಲ. ನಮ್ಮ ಔರಾದಿನಲ್ಲಿ ಬಸ್ಸು ಸ್ಟ್ಯಾಂಡಿನೊಳಗೆ ಹೊರಳುವಾಗಲೇ ಜನ ಅದರ ಜೊತೆ ಓಡುತ್ತಿರುತ್ತಾರೆ, ಕೈ ಮಾಡುವ ಮಾತೆಲ್ಲಿ ಬಂತು? ಬಸ್ಸು ಬಂತು. ನಾನು ಶಾಲಿನೊಳಗಿಂದ ಕೈ ತೆಗೆದು ಸೊಂಟದವರೆಗೆ ಎತ್ತಿದೆ. ಎರಡು ಅಂತಸ್ತಿನ ಆ ಬಸ್ಸು ನಮ್ಮ ಮುಂದೆಯೇ ಹಾದುಹೋಯಿತು.

ನಿಮ್ಮ ಅಮ್ಮ ಓಡಿ ಬಂದಳು. "ಅವ್ವಾ, ನೀ ಕೈ ಮಾಡಿದ್ದು ನಿನಗ ಕಾಣ್ಸಿಲ್ಲ, ಅವನಿಗಿ ಹ್ಯಾಂಗ ಕಾಣ್ತದ?"

"ಕಂಡೋರ ಗಂಡಸಿಗಿ ಹ್ಯಾಂಗ ಕೈ ಮಾಡ್ಲಿ? ನಾಚ್ಗಿ ಬರ್ತದ."

"ಗಂಡಸಿಗಲ್ಲವ್ವಾ, ಬಸ್ಸಿಗಿ!"

ದೊಡ್ಡವಳು, ಅಂದರೆ ನೀನೇ, ನನ್ನ ಮೊಳಕೈ ಹಿಡಿದು ಮೇಲೆ ದೂಡಿದೆ. "ಹಿಂಗ, ಆಯಿ. ಆಕಾಶಕ್ಕ ಮುಟ್ಟಬೇಕು." ಎರಡನೆಯ ಬಸ್ಸು ನಿಂತಿತು.

ಸೋಮವಾರದಿಂದ ನಿಜವಾದ ಕೆಲಸ. ಬಾಗಿಲು ತೆರೆಯುತ್ತಲೂ ನಾನು ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು, ಡ್ರೈವರನಿಗೆ ಪಾಸು ತೋರಿಸಿ, ಓಡಿ ಹೋಗಿ ಒಂದು ಸೀಟು ಹಿಡಿದೆ. ಪಕ್ಕದ ಸೀಟಿನ ಮೇಲೆ ನಿನ್ನ ಚೀಲವಿಟ್ಟು ಅದನ್ನೂ ಹಿಡಿದೆ. ಉಸಿರು ಹತ್ತಿತ್ತು. ಸುತ್ತ ನೋಡಿದರೆ ಇಡೀ ಬಸ್ಸಿನಲ್ಲಿ ನಮ್ಮನ್ನು ಬಿಟ್ಟು ನಾಲ್ಕು ಜನ. ಸಾಲಿನಲ್ಲಿ ನನ್ನ ಮುಂದಿದ್ದವರು ನನ್ನ ಓಟಕ್ಕೆ ದಾರಿ ಬಿಟ್ಟು ಬಾಗಿಲಿನ ಬದಿಗೆ ಅಂಟಿ ನಿಂತಿದ್ದರು.

ಡ್ರೈವರನಿಗೆ ಒಮ್ಮೆ ತೋರಿಸಿದರೆ ಮುಗಿಯಿತು, ಕಂಡಕ್ಟರು ಅನ್ನುವವನು ಆ ದೇಶದ ಬಸ್ಸಿನಲ್ಲಿ ಇಲ್ಲ ಎಂದು ನಿಮ್ಮ ಅಮ್ಮ ಹೇಳಿದ್ದಳು. ನನಗೆ ನಂಬಿಕೆಯಾಗಿರಲಿಲ್ಲ. ಮೇಲಿನ ಅಂತಸ್ತಿನಲ್ಲಿ ಇರಬಹುದು, ಇನ್ನೇನು ಇಳಿದು ಬರಬಹುದು ಎಂದು ಮೊದಲ ವಾರವೆಲ್ಲ ಪಾಸನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡೇ ಕೂತೆ.

ಇಳಿಯುವಾಗ ಅಲ್ಲಿ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಯೂ ಅನ್ನುತ್ತಾರೆ. ಇದು ನನಗೆ ಬಹಳ ಸೇರಿತು. ಆದರೆ ಬಾಯಿ ಬರಬೇಕಲ್ಲ. ನಾನು ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ಬುದ್ಧ ವಿಹಾರದಲ್ಲಿ ವಂದನೆ ಮಾಡುವ ಹಾಗೆ ಮಾಡಿ ಇಳಿದೆ. ನಮ್ಮ ಹೊತ್ತಿನ ಡ್ರೈವರು ಕೆಂಪು ಗಡ್ಡದ ದೊಡ್ಡ ಆಳು. ಮೊದಲ ದಿನ ಗಾಬರಿಯಾದ. ಎರಡನೆಯ ವಾರಕ್ಕೆ ನಾನು ಕೈ ಜೋಡಿಸುವ ಮೊದಲೇ ಅವನೇ ಸ್ಟೀರಿಂಗು ಬಿಟ್ಟು ಕೈ ಜೋಡಿಸತೊಡಗಿದ. ಬಸ್ಸು ನಿಂತಿರುತ್ತಿತ್ತು, ಹೆದರಬೇಡಿ.

ಇನ್ನೊಂದು ದಿನ ಬಸ್ಸು ತುಂಬಿತ್ತು. ಒಬ್ಬ ಎತ್ತರದ ಹುಡುಗಿ ದೊಡ್ಡ ಚೀಲ ಹೊತ್ತು ನನ್ನ ಹತ್ತಿರ ನಿಂತಿದ್ದಳು. ನಿಂತವರ ಗಂಟನ್ನು ಕೂತವರು ತೊಡೆಯ ಮೇಲೆ ಇಟ್ಟುಕೊಳ್ಳುವುದು ನಮ್ಮ ಕಡೆ ಯಾರೂ ಹೇಳಿಕೊಡುವ ಮಾತಲ್ಲ. ಔರಾದ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಅಪರಿಚಿತರ ಕೋಳಿ ಕೂತದ್ದೂ ಉಂಟು. ನಾನು ತೊಡೆ ತಟ್ಟಿ ತೋರಿಸಿ, ಅವಳ ಚೀಲಕ್ಕೆ ಕೈ ಹಾಕಿ ಎಳೆದೆ. ಅವಳು ತನ್ನ ಕಡೆ ಎಳೆದಳು. ನಾನು ಇನ್ನಷ್ಟು ಎಳೆದೆ. "ಬ್ಯಾಡಂತಾಳ ನಾಚ್ಕೊಂಡು" ಎಂದು ನಿನಗೆ ಹೇಳಿದೆ. ನೀನು ಅವಳಿಗೆ ಇಂಗ್ಲಿಷಿನಲ್ಲಿ ಏನು ಹೇಳಿದೆಯೋ ಗೊತ್ತಿಲ್ಲ. ಅವಳು ಒಮ್ಮೆ ನನ್ನನ್ನು, ಒಮ್ಮೆ ನಿನ್ನನ್ನು ನೋಡಿ ಚೀಲ ಬಿಟ್ಟುಬಿಟ್ಟಳು. ನಾಲ್ಕು ಸ್ಟಾಪು ಅದು ನನ್ನ ತೊಡೆಯ ಮೇಲೆ ಇತ್ತು. ಅವಳು ಒಂದು ಕೈ ಅದರ ಹಿಡಿಕೆಯ ಮೇಲೆ ಇಟ್ಟೇ ನಿಂತಿದ್ದಳು.

ಹೀಗೆ ನಾಲ್ಕು ವಾರ ಕಳೆದವು. ಶಾಲೆಯಿಂದ ಒಂದು ಫೋನೂ ಹೋಗಲಿಲ್ಲ. ಐದನೆಯ ವಾರದ ಒಂದು ದಿನ ಬೆಳಿಗ್ಗೆ ಹೊರಡುವಾಗ ನಿಮ್ಮ ಅಮ್ಮ ಬಾಗಿಲಲ್ಲಿ ನಿಂತು ಹೇಳಿದಳು. "ಅವ್ವಾ, ಇವತ್ತು ದೊಡ್ಡ ಆಪರೇಷನ್ ಅದ. ನಾನೇ ಡಾಕ್ಟರ್ ಕೈಗಿ ಸಾಮಾನು ಕೊಡಾಕಿ. ಹಿರೇ ಸಿಸ್ಟರ್ ಬಾಜೂಕ ನಿಂತು ನೋಡ್ತಾರ. ಇವತ್ತೊಂದು ದಿನ ಫೋನ್ ಬರಬಾರ್ದು."

"ಬರಂಗಿಲ್ಲ, ಹೋಗು" ಎಂದೆ. ಎಷ್ಟು ಧೈರ್ಯದಿಂದ ಹೇಳಿದೆ!

ಅಂದು ಮಂಜು, ಜಿಟಿಜಿಟಿ ಮಳೆ. ಬಸ್ಸು ಸರಿಯಾದ ಹೊತ್ತಿಗೆ ಬಂತು, ಅದೇ ಕೆಂಪು ಗಡ್ಡ. ನಿನ್ನನ್ನು ಮೇಲೆ ಹತ್ತಿಸಿ, ನಾನು ಒಂದು ಕಾಲು ಎತ್ತಿ ಬಸ್ಸಿನಲ್ಲಿಟ್ಟೆ. ಆಗ ಹಿಂದೆ ದಪದಪ ಸದ್ದು ಕೇಳಿಸಿತು. ತಿರುಗಿ ನೋಡಿದರೆ ರಸ್ತೆಯ ಆ ತುದಿಯಿಂದ ಒಬ್ಬ ಮನುಷ್ಯ ಓಡಿ ಬರುತ್ತಿದ್ದಾನೆ. ನಡುವಯಸ್ಸು, ಮುಖ ಕೆಂಪಾಗಿದೆ, ಉಸಿರು ಹೊಗೆಯ ಹಾಗೆ ಹೊರಡುತ್ತಿದೆ. ಆ ಚಳಿಯಲ್ಲಿ ಮೈಮೇಲೆ ಬರೀ ಬನಿಯನ್ನು, ತೊಡೆಯವರೆಗಿನ ಚಡ್ಡಿ. ಅಯ್ಯೋ ಪಾಪ, ಪ್ಯಾಂಟು ಹಾಕಿಕೊಳ್ಳಲೂ ಪುರುಸೊತ್ತಿಲ್ಲದೆ ಮನೆ ಬಿಟ್ಟಿದ್ದಾನೆ, ಏನು ಆಪತ್ತೋ ಏನೋ ಅಂದುಕೊಂಡೆ. ಬೆಳಗಿನ ಹೊತ್ತು ಬಸ್ಸು ನಿಂತಿರುವಾಗ ಒಬ್ಬ ಓಡುತ್ತಿದ್ದಾನೆಂದರೆ ಅವನು ಬಸ್ಸಿಗೇ ಓಡುತ್ತಿರಬೇಕು. ನಾನು ಕಂಡ ಲೋಕದಲ್ಲಿ ಅದಕ್ಕೆ ಬೇರೆ ಅರ್ಥ ಇರಲಿಲ್ಲ.

ಇಲ್ಲಿ ನನ್ನ ಅತ್ತೆಯ ವಿಷಯ ಹೇಳಬೇಕು. ನಾನು ಸಾಯಗಾಂವಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಭಾಲ್ಕಿಗೆ ಹೋಗುವ ಬೆಳಗಿನ ಬಸ್ಸು ಒಂದೇ ಇತ್ತು. ಕೆಲಸ ಮುಗಿಸಿ ಸೆರಗು ಸರಿಮಾಡಿಕೊಂಡು ನಾನು ಬರುವಷ್ಟರಲ್ಲಿ ಯಾವಾಗಲೂ ತಡ. ಅತ್ತೆ ಮೊದಲೇ ಹೋಗಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು ನಿಲ್ಲುತ್ತಿದ್ದರು. ಕಂಡಕ್ಟರು ಸೀಟಿ ಊದಿ ಊದಿ ಸಾಕಾಗಿ, "ಏ ಆಯಿ, ಹತ್ತರ ಹತ್ತು, ಇಳಿಯರ ಇಳಿ!" ಎಂದು ಕೂಗುತ್ತಿದ್ದ. ಅತ್ತೆ ಅಲುಗುತ್ತಿರಲಿಲ್ಲ. "ನಮ್ಮ ಸೊಸಿ ಬರ್ಲಾಕತ್ತಾಳ. ಒಂದ್ ಕಾಲು ನಿನ್ನ ಬಸ್ಸಿನಾಗ ಅದ, ಒಂದ್ ಕಾಲು ನಮ್ಮೂರಾಗ ಅದ. ಹ್ಯಾಂಗ ಬಿಡ್ತಿ, ಬಿಡು ನೋಡೋಣ." ನಾನು ಓಡಿ ಬಂದು ನಾಚಿಕೆಯಿಂದ ಸಾಯುತ್ತ ಹತ್ತುತ್ತಿದ್ದೆ. ಇಂಥ ಕೆಲಸ ನಾನು ಎಂದೂ ಮಾಡಲಾರೆ ಅಂದುಕೊಳ್ಳುತ್ತಿದ್ದೆ.

ಅಂದು ಮಾಡಿದೆ. ಯೋಚನೆ ಮಾಡಿ ಮಾಡಿದ್ದಲ್ಲ. ಮೇಲಿಟ್ಟ ಕಾಲು ಮೇಲೆಯೇ ಉಳಿಯಿತು, ಕೆಳಗಿನ ಕಾಲು ಕೆಳಗೇ ಉಳಿಯಿತು. ಬಾಗಿಲು ಮುಚ್ಚಲು ಬಂದು ನನ್ನನ್ನು ಮುಟ್ಟಿ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಕೆಂಪು ಗಡ್ಡದವನು ಏನೋ ಕೇಳಿದ.

ನೀನು ಒಳಗಿನಿಂದ ಹೇಳಿದೆ. "ಆಯಿ, ನೀ ಒಳಗ ಅದೀಯೋ, ಹೊರಗ ಅದೀಯೋ ಅಂತ ಕೇಳ್ಲಾಕತ್ತಾರ."

"ಒಬ್ಬರು ಬರ್ಲಾಕತ್ತಾರ, ಜರಾ ತಡೀರಿ ಅಂತ ಹೇಳು. ಪಾಪ, ಏನೋ ಆಗ್ಯಾದ ಅವರಿಗಿ."

ನೀನು ಅದನ್ನು ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದೆ. ಜನ ಎಲ್ಲ ಕಿಟಕಿಗೆ ಮುಖ ಹಚ್ಚಿದರು. ನಾನು ಕೈಯನ್ನು ಆಕಾಶಕ್ಕೆ ಎತ್ತಿ ಬೀಸಿದೆ. "ಲಗೂ ಬರ್ರಿ! ಬಸ್ಸು ಹಿಡ್ದೀನಿ, ಬರ್ರಿ!"

ಅವನು ಬಂದ. ಹತ್ತಿರ ಬಂದ. ನಾನು ಅವನಿಗೆ ದಾರಿ ಬಿಡಲು ಒಂದಿಷ್ಟು ವಾರೆಯಾದೆ. ಅವನು ನನ್ನನ್ನು ನೋಡಿ ನಕ್ಕು, ತಾನೂ ಕೈ ಬೀಸಿ, ಬಸ್ಸನ್ನು ದಾಟಿ ಹಾಗೆಯೇ ಮುಂದೆ ಓಡಿಹೋದ.

ಆಮೇಲೆ ಹಿಂದಿನ ಸೀಟಿನಲ್ಲಿದ್ದ ಒಬ್ಬ ಮುದುಕ ಕುದುರೆಯ ಹಾಗೆ ನಕ್ಕ. ಆಮೇಲೆ ಎಲ್ಲರೂ ನಕ್ಕರು. ಕೆಂಪು ಗಡ್ಡದವನು ಸ್ಟೀರಿಂಗಿನ ಮೇಲೆ ಹಣೆ ಇಟ್ಟು ನಗುತ್ತಿದ್ದ.

"ಆಯಿ, ಅವರು ಬಸ್ಸಿಗಿ ಬರ್ಲಿಲ್ಲ. ಸುಮ್ನ ಓಡ್ಲಾಕತ್ತಾರ" ಅಂದೆ ನೀನು.

"ಸುಮ್ನ ಯಾರರ ಓಡ್ತಾರೇನು?"

"ಓಡ್ತಾರ. ಪಪ್ಪಾನೂ ಓಡ್ತಾರ. ಹೊಟ್ಟಿ ಕರಗಲಿ ಅಂತ."

ನಾನು ಸೀಟಿನಲ್ಲಿ ಕೂತು ಶಾಲನ್ನು ಮೂಗಿನವರೆಗೆ ಎಳೆದುಕೊಂಡೆ. ಆದರೆ ನಾಚಿಕೆಗೆ ಹೆಚ್ಚು ಹೊತ್ತು ಸಿಗಲಿಲ್ಲ. ನಾನು ತಡೆದ ಆ ಎರಡು ಮೂರು ನಿಮಿಷದಲ್ಲಿ ಮುಂದಿನ ಸಣ್ಣ ರಸ್ತೆಗೆ ಕಸದ ಗಾಡಿ ಹೊಕ್ಕಿತ್ತು. ಅದು ಪ್ರತಿ ಮನೆಯ ಮುಂದೆ ನಿಲ್ಲುವುದು, ನಮ್ಮ ಬಸ್ಸು ಅದರ ಹಿಂದೆ ನಿಲ್ಲುವುದು. ನನ್ನ ಕಣ್ಣೆಲ್ಲ ಬಸ್ಸಿನ ಗಡಿಯಾರದ ಮೇಲೆ. ನಾವು ಇಳಿದಾಗ ಒಂಬತ್ತು ಹದಿನಾರು. ನಿನ್ನನ್ನು ಎತ್ತಿಕೊಂಡು ಓಡಿದೆ. ದಾರಿಯಲ್ಲಿ ನೋಡಿದವರು ನಾನೂ ಹೊಟ್ಟೆ ಕರಗಿಸಲು ಓಡುತ್ತಿದ್ದೇನೆ ಅಂದುಕೊಂಡಿರಬೇಕು.

ಗೇಟು ಹಾಕಿತ್ತು. ಒಳಗೆ ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡ ಒಬ್ಬ ಹೆಂಗಸು ಪಟ್ಟಿ ಹಿಡಿದು ನಿಂತಿದ್ದರು. ಇನ್ನೊಂದು ಕೈಯಲ್ಲಿ ಫೋನು ಇತ್ತು, ಬೆರಳು ಅದರ ಮೇಲೆ ಇತ್ತು.

ನಾನು ಸರಕಾರಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಇಂಗ್ಲಿಷು ಇತ್ತು, ಆದರೆ ಅದನ್ನು ಬಾಯಿಂದ ಆಡಬಹುದು ಎಂದು ನಮಗೆ ಯಾರೂ ಹೇಳಿರಲಿಲ್ಲ. ಗೇಟಿನ ಸರಳು ಹಿಡಿದು "ನೋ ಫೋನ್!" ಎಂದು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. "ನೋ ಫೋನ್ ಮದರ್. ಮದರ್ ಆಪರೇಷನ್. ಲೇಟ್, ಮೈ. ನಾಟ್ ಮದರ್. ಮೈ!" ಎಂದು ನನ್ನ ಎದೆ ಮುಟ್ಟಿ ತೋರಿಸಿದೆ. ಅಷ್ಟೂ ಸಾಲದೆಂದು ಶಾಲೆಗೆ ತಡವಾದವರು ಮಾಡಬೇಕಾದ್ದನ್ನೂ ಮಾಡಿದೆ. ಎರಡೂ ಕಿವಿ ಹಿಡಿದುಕೊಂಡೆ.

ಅವರು ಗಾಬರಿಯಾಗಿ ನಿನ್ನನ್ನು ಏನೋ ಕೇಳಿದರು. ನೀನು ಉತ್ತರ ಕೊಟ್ಟೆ.

"ಏನ್ ಕೇಳಿದ್ರು?"

"ಆಯಿಗಿ ಕಿವಿ ನೋವು ಅದ ಏನು ಅಂತ. ನಾ ಹೇಳ್ದೆ, ಇಲ್ಲ, ಕಿವೀಲೆ ಸಾರಿ ಕೇಳ್ತಾಳ."

ಅವರ ಬೆರಳು ಫೋನಿನಿಂದ ಸರಿಯಿತು. ಗೇಟು ತೆರೆದರು. ಒಳಗೆ ಒಂದು ಪುಸ್ತಕ ಮುಂದಿಟ್ಟರು. ತಡವಾಗಿ ಬಂದವರು ಅದರಲ್ಲಿ ಹೆಸರು, ಬಂದ ವೇಳೆ, ತಡವಾದ ಕಾರಣ ಬರೆದು ಸಹಿ ಮಾಡಬೇಕು. ಮಗುವನ್ನು ತಂದವರು ಬರೆದರೆ ಸಾಕು, ತಾಯಿಯನ್ನು ಕರೆಸುವ ಅಗತ್ಯವಿಲ್ಲ ಎಂದು ನಿನ್ನ ಮೂಲಕ ಹೇಳಿಸಿದರು. ನಾನು ಪೆನ್ನು ಹಿಡಿದು ನಿಂತೆ. ಇಂಗ್ಲಿಷಿನಲ್ಲಿ ಬರೆಯಲು ಬಾರದು ಎಂದು ತಲೆ ಅಲ್ಲಾಡಿಸಿದೆ. ಅವರು ನನ್ನ ಕಡೆ ಬೆರಳು ಮಾಡಿ, ಆಮೇಲೆ ಪುಸ್ತಕದ ಕಡೆ ಮಾಡಿದರು. ನಿನ್ನ ಭಾಷೆಯಲ್ಲಿ ಬರಿ ಎಂದು ಅರ್ಥ. ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ನಿಮ್ಮ ಮುತ್ಯಾ ಯಾವಾಗಲೂ ಹೇಳುತ್ತಿದ್ದರು. ಮೂರೂ ಅಂಕಣ ತುಂಬಿಸಿ ಕೆಳಗೆ ಸಹಿ ಮಾಡಿದೆ. ಅವರು ಕನ್ನಡಕ ಏರಿಸಿ ಆ ಗುಂಡು ಗುಂಡು ಅಕ್ಷರಗಳನ್ನು ತುಂಬಾ ಹೊತ್ತು ನೋಡಿ, ಫೋನನ್ನು ಮೇಜಿನ ಮೇಲಿಟ್ಟರು.

ಮನೆಗೆ ಬಂದು ಸಂಜೆಯವರೆಗೆ ನನಗೆ ಅನ್ನ ಸೇರಲಿಲ್ಲ. ಫೋನು ಮಾಡಿಯೇ ಇಲ್ಲ ಎಂದು ಹೇಗೆ ನಂಬುವುದು? ನಾನು ಹೋದ ಮೇಲೆ ಮಾಡಿರಬಹುದಲ್ಲ.

ಸಂಜೆ ನಿಮ್ಮ ಅಮ್ಮ ನಿನ್ನನ್ನು ಕರೆದುಕೊಂಡು ಬಂದಳು. ಬಾಗಿಲಲ್ಲೇ ಬೂಟು ಬಿಚ್ಚದೆ ಕೆಳಗೆ ಕೂತುಬಿಟ್ಟಳು. ನಾನು ಹೆದರಿದೆ. ಆಮೇಲೆ ನೋಡಿದರೆ ನಗುತ್ತಿದ್ದಾಳೆ, ಕಣ್ಣಲ್ಲಿ ನೀರು.

"ಅವ್ವಾ, ಏನ್ ಬರ್ದೀಯವ್ವಾ ಆ ಬುಕ್ಕಿನಾಗ! ಸಾಲಿಯಾಗ ಅವರು ನಂಗ ತೋರ್ಸಿ ಇದೇನು ಓದಿ ಹೇಳು ಅಂದ್ರು."

ನಾನು ಬರೆದದ್ದು ಇಷ್ಟೇ. "ಓಡಿ ಬರುತ್ತಿದ್ದ ಒಬ್ಬರಿಗಾಗಿ ಬಸ್ಸು ನಿಲ್ಲಿಸಿದ್ದೆವು. ಅವರು ಹತ್ತಲಿಲ್ಲ."

"ಖರೇನ ಬರ್ದೀನಿ. ಸುಳ್ಳು ಬರೀಬೇಕಿತ್ತೇನು? ಅದು ಬಿಡು. ಫೋನ್ ಬಂತೇನು?"

"ಇಲ್ಲ."

"ಒಂದೂ?"

"ಒಂದೂ ಇಲ್ಲವ್ವಾ. ಆರು ತಾಸು ನಿಂತಿದ್ದೆ. ನೀರಿಗೂ ಹೊರಗ ಬಂದಿಲ್ಲ." ಆಮೇಲೆ ಅವಳು ಬೂಟು ಬಿಚ್ಚುತ್ತ ಹೇಳಿದಳು. "ಮುಗಿದ ಮ್ಯಾಲ ಹಿರೇ ಸಿಸ್ಟರ್ ನನ್ನ ಹೆಗಲ ಮ್ಯಾಲ ಕೈ ಇಟ್ರು."

ನಾನು ಹೋದ ಆರನೆಯ ವಾರಕ್ಕೆ ಅವಳ ಮೂರು ತಿಂಗಳು ಮುಗಿದವು, ಕಾಗದ ಬಂತು. ಕಾಯಂ. ನಿಮ್ಮ ಅಪ್ಪ ಅದನ್ನು ನನಗೆ ಎರಡು ಸಲ ಓದಿ ಹೇಳಿ, "ಅತ್ತೀ, ಇದ್ರಾಗ ಅರ್ಧ ನಿಮ್ಮ ನೌಕ್ರಿ" ಎಂದರು. ನಾನು ಒಳಗೆ ಹೋಗಿ ರೊಟ್ಟಿ ಬಡಿದೆ. ಹೊಗಳಿದರೆ ನನಗೆ ಎಲ್ಲಿ ನೋಡಬೇಕೋ ತಿಳಿಯುವುದಿಲ್ಲ.

ಆದರೆ ಒಳಗೊಳಗೇ ಒಂದು ಆಸೆ ಹುಟ್ಟಿತ್ತು. ಇಷ್ಟೆಲ್ಲ ಯಾವ ಬಾಗಿಲಿಗಾಗಿ ಆಯಿತೋ ಆ ಥಿಯೇಟರಿನ ಬಾಗಿಲನ್ನು ನೋಡಬೇಕು. ಯಾರಿಗೂ ಹೇಳಲಿಲ್ಲ. ಮುಂದಿನ ವಾರ ಒಂದು ದಿನ ನಿನ್ನನ್ನು ಶಾಲೆಗೆ ಬಿಟ್ಟು, ಮನೆಯ ಬಸ್ಸು ಹತ್ತದೆ, ಆಸ್ಪತ್ರೆಯ ಕಡೆ ಹೋಗುವ ಬೇರೆ ನಂಬರಿನ ಬಸ್ಸು ಹತ್ತಿದೆ. ಜೊತೆಗೆ ನೀನೂ ಇರಲಿಲ್ಲ. ನಿಮ್ಮ ಅಮ್ಮನ ಹೆಸರು, ಥಿಯೇಟರ್ ಎಂಬ ಮಾತು ಒಂದು ಚೀಟಿಯಲ್ಲಿತ್ತು. ಅದನ್ನು ತೋರಿಸುತ್ತ, ಮೂರು ಸಲ ದಾರಿ ತಪ್ಪಿ, ಕೊನೆಗೆ ಆ ಅಗಲವಾದ ಎರಡು ಕದಗಳ ಬಾಗಿಲ ಮುಂದೆ ಹೋಗಿ ನಿಂತೆ. ಅದರಾಚೆ ಯಾರನ್ನೂ ಬಿಡುವುದಿಲ್ಲ. ಹೊರಗೆ ಗೋಡೆಗೆ ಒತ್ತಿ ನಿಂತುಕೊಂಡೆ.

ಹಸಿರು ಬಟ್ಟೆ, ಹಸಿರು ಟೋಪಿ ಹಾಕಿದ ಮೂವರು ಹೊರಗೆ ಬಂದರು. ಮೂವರೂ ಒಂದೇ ಹಾಗೆ ಕಾಣುತ್ತಿದ್ದರು. ನನ್ನ ಮಗಳನ್ನು ನಾನು ಗುರುತಿಸಲಿಲ್ಲ. ಅವಳೇ ನಿಂತಳು.

"ಅವ್ವಾ! ಏನಾತು? ಪೋರಿಗಿ ಏನರ ಆತೇನು?"

"ಏನೂ ಆಗಿಲ್ಲ. ಸಾಲಿಯಾಗ ಅದಾಳ. ಸುಮ್ನ ಬಂದೆ, ನೋಡ್ಲಾಕ."

"ಯಾರ್ ಜೋಡಿ ಬಂದಿ?"

"ಯಾರ್ ಜೋಡೀನೂ ಇಲ್ಲ. ಬಸ್ಸಿಗಿ ಬಂದೀನಿ."

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಜೊತೆಯವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ಅದು ನನಗೆ ತಿಳಿಯಿತು. ಇವರು ನನ್ನ ತಾಯಿ, ಬಸ್ಸಿನಲ್ಲಿ ಬಂದಿದ್ದಾರೆ, ಒಬ್ಬರೇ ಬಂದಿದ್ದಾರೆ ಎಂದಳು. ಅವರು ನಕ್ಕು ಗೋಣು ಹಾಕಿದರು. ಅದರಲ್ಲಿ ದೊಡ್ಡದೇನಿದೆ ಎಂದು ಅವರಿಗೆ ತಿಳಿದಿರಲಿಕ್ಕಿಲ್ಲ, ಅವರೂ ದಿನಾ ಬಸ್ಸಿನಲ್ಲೇ ಬರುವವರು. ನಿಮ್ಮ ಅಮ್ಮ ಅದನ್ನು ಇನ್ನೊಮ್ಮೆ ಹೇಳಿದಳು.